ಜೆಕ್, ಸ್ಲೊವಾಕ್ ಇತಿಹಾಸದ ಬಗ್ಗೆ ಕನ್ನಡದಲ್ಲಿ ನಾಲ್ಕು ಉಪನ್ಯಾಸ: ಕರಡು ಹಾಕಿದ್ದೇನೆ, ನೋಡಿ ತಿದ್ದಿ

ಬೆಳ್ಳಕ್ಕಿ

ಎಲ್ಲರಿಗೂ ನಮಸ್ಕಾರ. ಜೆಕ್ ಮತ್ತು ಸ್ಲೊವಾಕ್ ಇತಿಹಾಸ, ಸಂಸ್ಕೃತಿ ಕುರಿತು ಸಾರ್ವಜನಿಕರಿಗಾಗಿ ನಾಲ್ಕು ಸಂಜೆಯ ಉಪನ್ಯಾಸಮಾಲೆ ತಯಾರಾಗುತ್ತಿದೆ. ಪೂರ್ತಿ ಕನ್ನಡದಲ್ಲಿ. ಮಾತು 45 ನಿಮಿಷ, ಪ್ರಶ್ನೆಗೆ 15 ನಿಮಿಷ. ಬರುವವರಿಗೆ ವಿಷಯದ ಪರಿಚಯ ಇರುವುದಿಲ್ಲ, ಆದರೆ ಓದುವ ಹವ್ಯಾಸ ಇರುವವರು.

ಕರಡು ಹೀಗಿದೆ:
ಮೊದಲ ದಿನ – ಬೊಹೀಮಿಯದ ರಾಜರು, ಪ್ರಾಗ್ ನಗರ, ಚರ್ಚ್ ಸುಧಾರಕ ಯಾನ್ ಹುಸ್.
ಎರಡನೇ ದಿನ – 1918ರಿಂದ 1989ರವರೆಗಿನ ಚೆಕೊಸ್ಲೊವಾಕಿಯ.
ಮೂರನೇ ದಿನ – ಕರಕುಶಲ, ಸಂಗೀತ, ಕಟ್ಟಡಗಳು.
ನಾಲ್ಕನೇ ದಿನ – 1993ರ ವಿಭಜನೆ, ಆಮೇಲಿನ ಎರಡು ದೇಶಗಳು.

ಎಲ್ಲಿ ಜೊಳ್ಳಿದೆ, ಎಲ್ಲಿ ತಪ್ಪಿದೆ ಹೇಳಿ. ಹೆಸರುಗಳನ್ನು ಕನ್ನಡದಲ್ಲಿ ಹೇಗೆ ಬರೆಯಬೇಕು ಅನ್ನುವುದೂ ಬಗೆಹರಿದಿಲ್ಲ.

ತುಂಗಾತೀರ

ಕರಡಿನ ದೊಡ್ಡ ಕೊರತೆ ಮೊದಲ ದಿನವೇ ಇದೆ. ನಿಮ್ಮ ಉಪನ್ಯಾಸಮಾಲೆಯಲ್ಲಿ ಸ್ಲೊವಾಕರು 1918ಕ್ಕೆ ಆಕಾಶದಿಂದ ಉದುರುತ್ತಾರೆ. ಮೊದಲ ಸಂಜೆ ಪೂರ್ತಿ ಪ್ರಾಗ್, ಎರಡನೇ ಸಂಜೆ ಏಕಾಏಕಿ "ಚೆಕೊಸ್ಲೊವಾಕಿಯ". ಕೇಳುವವರು ಇವರಿಬ್ಬರೂ ಒಂದೇ ಮನೆಯವರು, ಆಮೇಲೆ ಜಗಳವಾಡಿ ಬೇರೆಯಾದರು ಅಂದುಕೊಂಡು ಎದ್ದು ಹೋಗುತ್ತಾರೆ. ನಡೆದದ್ದು ಹೆಚ್ಚುಕಡಿಮೆ ತಿರುಗಾ ಮುರುಗಾ. ಸಾವಿರ ವರ್ಷ ಬೇರೆ ಬೇರೆ ಮನೆಯಲ್ಲಿದ್ದವರು 1918ರಲ್ಲಿ ಒಂದೇ ಸೂರಿನಡಿ ಬಂದರು. ಇಂದಿನ ಜೆಕ್ ನಾಡಾದ ಬೊಹೀಮಿಯ ಮತ್ತು ಮೊರಾವಿಯ ಬೊಹೀಮಿಯದ ಅರಸೊತ್ತಿಗೆಗೆ ಸೇರಿದ್ದವು. ಸ್ಲೊವಾಕರ ನಾಡು ಹಂಗೇರಿಯ ಅರಸೊತ್ತಿಗೆಯ ಭಾಗ. 1867ರಲ್ಲಿ ಆಸ್ಟ್ರಿಯ-ಹಂಗೇರಿ ಎಂದು ಸಾಮ್ರಾಜ್ಯ ಎರಡು ಪಾಲಾದಾಗಲೂ ಜೆಕ್ ಜನ ವಿಯೆನ್ನಾದ ಪಾಲಿಗೆ, ಸ್ಲೊವಾಕ್ ಜನ ಬುಡಾಪೆಸ್ಟಿನ ಪಾಲಿಗೆ ಉಳಿದರು.

ಇದನ್ನು ಮಾತಲ್ಲಿ ಹೇಳಿದರೆ ತಲೆಗೆ ಹತ್ತುವುದಿಲ್ಲ. ನಕ್ಷೆ ಬೇಕೇ ಬೇಕು, ಅದೂ ಒಂದೇ ಅಳತೆಯ ನಾಲ್ಕು: 1914, 1930, 1940, 1993. ನಾಲ್ಕರಲ್ಲೂ ಡ್ಯಾನ್ಯೂಬ್ ನದಿ ಪರದೆಯ ಒಂದೇ ಜಾಗದಲ್ಲಿ ಬರುವಂತೆ ಕತ್ತರಿಸಿಕೊಳ್ಳಿ, ಆಗ ಗಡಿ ಮಾತ್ರ ಸರಿಯುತ್ತದೆ, ನೆಲ ನಿಂತಲ್ಲೇ ನಿಂತಿರುತ್ತದೆ. 1914ರ ನಕ್ಷೆಯಲ್ಲಿ "ಸ್ಲೊವಾಕಿಯ" ಎಂಬ ಹೆಸರೇ ಸಿಗದು, ಅದು ಹಂಗೇರಿಯ ಉತ್ತರದ ಜಿಲ್ಲೆಗಳಷ್ಟೆ. 1930ರದರಲ್ಲಿ ಪೂರ್ವಕ್ಕೆ ಒಂದು ಬಾಲ ಕಾಣುತ್ತದೆ: ಕಾರ್ಪೇಥಿಯನ್ ಬೆಟ್ಟಗಳ ತಪ್ಪಲಿನ ರುಥೇನಿಯ. ಅದು 1945ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಈಗ ಉಕ್ರೇನಿನಲ್ಲಿದೆ. ಅದರ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ.

ಹಾಗಾಗಿ ಮೊದಲ ದಿನವನ್ನು ಎರಡು ಎಳೆಯಾಗಿ ಹೆಣೆಯಿರಿ. ಶುರುವಿನ ಗಂಟು ಇಬ್ಬರಿಗೂ ಒಂದೇ. 863ರಲ್ಲಿ ಮೊರಾವಿಯದ ದೊರೆ ರಸ್ತಿಸ್ಲಾವನ ಕೋರಿಕೆಯ ಮೇಲೆ ಬೈಜಾಂಟಿಯಮ್ಮಿನಿಂದ ಬಂದ ಸಿರಿಲ್ ಮತ್ತು ಮೆಥೋಡಿಯಸ್, ಅವರು ತಂದ ಗ್ಲಾಗೊಲಿತಿಕ್ ಲಿಪಿ, ಸ್ಲಾವ್ ಭಾಷೆಯಲ್ಲಿ ಪೂಜೆ. 885ರಲ್ಲಿ ಮೆಥೋಡಿಯಸ್ ತೀರಿಕೊಂಡ ಮೇಲೆ ಶಿಷ್ಯರನ್ನು ಓಡಿಸಲಾಯಿತು. ಅಲ್ಲಿಂದ ದಾರಿ ಕವಲೊಡೆಯುತ್ತದೆ.

ಜೆಕ್ ಎಳೆ: ನಾಲ್ಕನೇ ಚಾರ್ಲ್ಸ್ 1348ರಲ್ಲಿ ಸ್ಥಾಪಿಸಿದ ವಿಶ್ವವಿದ್ಯಾಲಯ, 1415ರ ಜುಲೈ 6ರಂದು ಕಾನ್‌ಸ್ಟಾನ್ಸ್‌ನಲ್ಲಿ ಹುಸ್‌ನನ್ನು ಸುಟ್ಟದ್ದು, 1620ರ ನವೆಂಬರ್ 8ರಂದು ಪ್ರಾಟೆಸ್ಟಂಟ್ ದಂಗೆಕೋರರು ಸೋತ ಬಿಳಿಬೆಟ್ಟದ ಕದನ, ಮರುವರ್ಷ ಜೂನ್ 21ರಂದು ಪ್ರಾಗಿನ ಹಳೇ ಪೇಟೆಯ ಚೌಕದಲ್ಲಿ 27 ಜನರಿಗೆ ಮರಣದಂಡನೆ. ಆ ಜಾಗದ ಕಲ್ಲುಹಾಸಿನಲ್ಲಿ 27 ಬಿಳಿ ಶಿಲುಬೆಗಳಿವೆ, ಆ ಚಿತ್ರ ತೋರಿಸಿ. ಸ್ಲೊವಾಕ್ ಎಳೆ: ಬ್ರಾತಿಸ್ಲಾವಾ. ಆಗ ಅದು ಜರ್ಮನರಿಗೆ ಪ್ರೆಸ್‌ಬುರ್ಗ್, ಹಂಗೇರಿಯನ್ನರಿಗೆ ಪೊಜೊನಿ, ಸ್ಲೊವಾಕರಿಗೆ ಪ್ರೆಶ್ಪೊರೊಕ್. ಇಂದಿನ ಹೆಸರು ಬಂದದ್ದು 1919ರಲ್ಲಿ. 1563ರಿಂದ 1830ರವರೆಗೆ ಹಂಗೇರಿಯ ಬಹುಪಾಲು ರಾಜರಿಗೆ ಪಟ್ಟ ಕಟ್ಟುತ್ತಿದ್ದದ್ದು ಇಲ್ಲಿನ ಸಂತ ಮಾರ್ಟಿನರ ದೇವಾಲಯದಲ್ಲಿ, ಮರಿಯಾ ತೆರೇಸಾಗೆ 1741ರಲ್ಲಿ. ಗೋಪುರದ ತುದಿಯಲ್ಲಿ ಶಿಲುಬೆ ಇರಬೇಕಾದ ಕಡೆ ಚಿನ್ನದ ಲೇಪದ ಕಿರೀಟ ಕೂತಿದೆ.

ಇನ್ನೊಂದು. 1620ರ ನಂತರದ್ದೆಲ್ಲ "ಕತ್ತಲೆಯ ಕಾಲ" ಎಂದು ಒಂದೇ ಸ್ಲೈಡಿನಲ್ಲಿ ಮುಗಿಸುವ ಚಾಳಿ ಇದೆ. ಜೆಕ್ ಭಾಷೆಗೆ, ಪ್ರಾಟೆಸ್ಟಂಟರಿಗೆ ಅದು ನಿಜಕ್ಕೂ ಕಷ್ಟದ ಕಾಲ. ಆದರೆ ಒಲೊಮೊಉತ್ಸ್‌ನ 35 ಮೀಟರ್ ಎತ್ತರದ ತ್ರಿತ್ವ ಸ್ತಂಭ, ಝ್‌ದಾರ್ ಊರಿನ ಹಸಿರುಬೆಟ್ಟದ ಮೇಲೆ ಸಾಂತಿನಿ ಕಟ್ಟಿದ ಐದು ಮೂಲೆಯ ಚರ್ಚು, ಎರಡೂ ಇದೇ ಕಾಲದವು. ಎರಡನ್ನೂ ಹೇಳಿ.

ಕರಿಹಲಗೆ

ಹೆಸರುಗಳ ವಿಷಯಕ್ಕೆ ಬರುತ್ತೇನೆ. ಇಂಗ್ಲಿಷ್ ಕಾಗುಣಿತ ನೋಡಿ ಕನ್ನಡಕ್ಕೆ ಇಳಿಸಬೇಡಿ. ಕನ್ನಡ ಲಿಪಿಗೆ ಈ ಎರಡು ಭಾಷೆ ಇಂಗ್ಲಿಷಿಗಿಂತ ಚೆನ್ನಾಗಿ ಒಗ್ಗುತ್ತವೆ.

ಒತ್ತು ಯಾವಾಗಲೂ ಮೊದಲ ಅಕ್ಷರದ ಮೇಲೆ. ಸ್ವರದ ಮೇಲೆ ಓರೆಗೀಟು ಇದ್ದರೆ (ಜೆಕ್ಕಿನಲ್ಲಿ ಪುಟ್ಟ ಬಳೆ ಇದ್ದರೂ) ದೀರ್ಘ, ಇಲ್ಲದಿದ್ದರೆ ಹ್ರಸ್ವ. ಒತ್ತಿಗೂ ದೀರ್ಘಕ್ಕೂ ಸಂಬಂಧವಿಲ್ಲ. ದ್ವೊರ್ಝಾಕ್ ಎನ್ನುವಾಗ ಒತ್ತು "ದ್ವೊ" ಮೇಲೆ, ದೀರ್ಘ "ಝಾ" ಮೇಲೆ. ಇಂಗ್ಲಿಷಿನವರು ಇದರಲ್ಲೇ ಎಡವುತ್ತಾರೆ, ನಮಗೆ ಹ್ರಸ್ವ ದೀರ್ಘದ ಕಿವಿ ಇರುವುದರಿಂದ ತೊಡಕಿಲ್ಲ. ಅವರ "ತ", "ದ" ನಮ್ಮ ಟಕಾರ ಡಕಾರ ಅಲ್ಲ, ಹಲ್ಲಿಗೆ ತಾಗುವ ತ, ದ. ಆದ್ದರಿಂದ ಕುತ್ನಾ ಹೊರಾ, "ಕುಟ್ನಾ" ಅಲ್ಲ. ಇಂಗ್ಲಿಷಿನ "ಜೆ" ಅಕ್ಷರ ಅಲ್ಲಿ "ಯ": ಯಾನ್, ಯೊಸೆಫ್, ಯಾನಾಚೆಕ್. "ಸಿ" ಅಕ್ಷರ "ತ್ಸ": ಒಲೊಮೊಉತ್ಸ್. ಅಕ್ಷರದ ತಲೆಯ ಮೇಲಿನ ಕೊಕ್ಕೆಗೆ ಜೆಕ್ ಭಾಷೆಯಲ್ಲಿ ಹಾಚೆಕ್ ಎನ್ನುತ್ತಾರೆ, ಅರ್ಥವೂ "ಪುಟ್ಟ ಕೊಕ್ಕೆ" ಎಂದೇ. ಕೊಕ್ಕೆ ಬಿದ್ದರೆ ಸ ಹೋಗಿ ಶ, ತ್ಸ ಹೋಗಿ ಚ.

ಈಗ ನಿಜವಾಗಿ ಸೊಗಸಾದ ಭಾಗ. ಬ್ರ್‌ನೊ ಊರಿನ ಹೆಸರಿನಲ್ಲಿ ಮೊದಲ ಅಕ್ಷರಕ್ಕೆ ಸ್ವರವೇ ಇಲ್ಲ, ರಕಾರವೇ ಸ್ವರದ ಕೆಲಸ ಮಾಡುತ್ತದೆ. ಇದು ನಮ್ಮ ವರ್ಣಮಾಲೆಯ ಋ. ಅವರ "ವ್‌ಲ್ಕ್" ಎಂದರೆ ತೋಳ, ಸಂಸ್ಕೃತದ ವೃಕ ಅದರ ದಾಯಾದಿ ಪದ. ಸ್ಲೊವಾಕ್ ಭಾಷೆ ಒಂದು ಹೆಜ್ಜೆ ಮುಂದೆ: ಅಲ್ಲಿ ಸ್ವರವಾದ ರ, ಲ ಎರಡಕ್ಕೂ ಹ್ರಸ್ವ ದೀರ್ಘ ಎರಡೂ ಇವೆ. ಋ, ೠ, ಌ, ೡ ಎಂದು ಬಾಯಿಪಾಠ ಮಾಡಿ, ಮೊದಲನೆಯದೊಂದನ್ನು ಬಿಟ್ಟು ಮಿಕ್ಕವನ್ನು ಎಲ್ಲೂ ಬಳಸದ ಆ ನಾಲ್ಕು ಅಕ್ಷರಗಳು ಬ್ರಾತಿಸ್ಲಾವಾದ ಬೀದಿಯಲ್ಲಿ ದಿನಾ ಓಡಾಡುತ್ತವೆ. ಕಪ್ಪುಹಲಗೆಯ ಮೇಲೆ ಈ ನಾಲ್ಕನ್ನು ಬರೆದು ತೋರಿಸಿದರೆ ಸಭೆ ಎದ್ದು ಕೂರುತ್ತದೆ.

ಸ್ಲೊವಾಕ್‌ನಲ್ಲಿ ಇನ್ನೊಂದು ನಿಯಮ: ದೀರ್ಘದ ಬೆನ್ನಿಗೆ ಸಾಮಾನ್ಯವಾಗಿ ದೀರ್ಘ ಬರಕೂಡದು, ಎರಡನೆಯದು ಹ್ರಸ್ವವಾಗುತ್ತದೆ. "ಸುಂದರ" ಎನ್ನಲು ಜೆಕ್ "ಕ್ರಾಸ್ನೀ", ಸ್ಲೊವಾಕ್ "ಕ್ರಾಸ್ನಿ". ಲಘು ಗುರು ಬಲ್ಲ ಕನ್ನಡಿಗರಿಗೆ ಎರಡು ಭಾಷೆಯ ವ್ಯತ್ಯಾಸ ಇದೊಂದೇ ಜೋಡಿಯಿಂದ ಕಿವಿಗೆ ಬೀಳುತ್ತದೆ. ಅರ್ಥದಲ್ಲೂ ಕೈಕೊಡುವ ಜೋಡಿಗಳಿವೆ: "ಹೊರ್ಕೀ" ಎಂದರೆ ಜೆಕ್ಕಿನವರಿಗೆ ಬಿಸಿ, ಅದೇ "ಹೊರ್ಕೀ" ಸ್ಲೊವಾಕರಿಗೆ ಕಹಿ.

ಎಚ್ಚರಿಕೆ ಒಂದು. ವೃಕ, ವಿಧವಾ–ವ್‌ದೊವಾ, ಅಗ್ನಿ–ಒಹೆಞ್, ನಭ–ನೆಬೆ ಎಂದು ಪಟ್ಟಿ ಹಾಕಿದ ಕೂಡಲೇ "ಹಾಗಾದರೆ ಅವರ ಭಾಷೆ ಸಂಸ್ಕೃತದಿಂದ ಹುಟ್ಟಿದ್ದೇ?" ಎಂಬ ಪ್ರಶ್ನೆ ಬರುತ್ತದೆ. ಅಲ್ಲ. ಎರಡೂ ಒಂದೇ ಹಳೆಯ ಮೂಲದ ಕವಲುಗಳು. ಕನ್ನಡ ಆ ಕುಟುಂಬದ್ದಲ್ಲ, ಈ ಪದಗಳು ನಮಗೆ ಸಂಸ್ಕೃತದ ಮೂಲಕ ಬಂದವು. ಪಟ್ಟಿ ತೋರಿಸುವ ಸ್ಲೈಡಿನಲ್ಲೇ ಈ ಮಾತನ್ನೂ ಬರೆದುಬಿಡಿ.

ಬೆಳ್ಳಕ್ಕಿ

ತುಂಬಾ ಉಪಯೋಗ ಆಯ್ತು. ಮೊದಲ ದಿನವನ್ನು ಎರಡು ಎಳೆ ಮಾಡುತ್ತೇನೆ. ಪ್ರಾಗಿನ ಖಗೋಳ ಗಡಿಯಾರಕ್ಕೆ ಹತ್ತು ನಿಮಿಷ ಇಟ್ಟಿದ್ದೇನೆ. ಅದನ್ನು ಕಟ್ಟಿದ ಹನೂಷ್ ಎಂಬವನ ಕಣ್ಣು ಕೀಳಿಸಿದ ಕಥೆಯಿಂದ ಶುರು ಮಾಡಬಹುದಾ?

ಕಾಜಾಣ

ಆ ಕಥೆಯಿಂದ ಶುರು ಮಾಡಬೇಡಿ. ಅದು ದಂತಕಥೆ. ಗಡಿಯಾರ ಕಟ್ಟಿದ್ದು ಕದಾಞ್ ಊರಿನ ಮಿಕುಲಾಶ್, 1410ರಲ್ಲಿ. ಗಣಿತದ ಲೆಕ್ಕಾಚಾರ ವಿಶ್ವವಿದ್ಯಾಲಯದ ಖಗೋಳಜ್ಞ ಯಾನ್ ಶಿಂದೆಲ್ ಅವರದ್ದು ಎನ್ನುತ್ತಾರೆ. ಕಥೆ ಹೇಳಲೇಬೇಕೆಂದರೆ ಕೊನೆಯಲ್ಲಿ ಹೇಳಿ, ಕಥೆ ಎಂದೇ ಹೇಳಿ.

ಬಹಳಷ್ಟು ಉಪನ್ಯಾಸಗಳು ಗಂಟೆಗೊಮ್ಮೆ ಕಿಟಕಿಯಲ್ಲಿ ಹಾಯುವ ಹನ್ನೆರಡು ಶಿಷ್ಯರ ಬೊಂಬೆ ತೋರಿಸಿ ಮುಗಿಸುತ್ತವೆ. ನೋಡಬೇಕಾದ್ದು ಬೊಂಬೆಗಳ ಕೆಳಗಿನ ಮುಖಫಲಕ. ಪಂಚಾಂಗ ಗೊತ್ತಿರುವ ಸಭೆಗೆ ಅದನ್ನು ಓದಿಸುವುದು ಸುಲಭ. ಹೀಗೆ ಹೋಗಿ.

ಮೊದಲು ಎಲ್ಲಕ್ಕಿಂತ ಹೊರಗಿನ ಕಪ್ಪು ಬಳೆ. ಅದರ ಮೇಲೆ ಹಳೆಯ ಜರ್ಮನ್ ಶೈಲಿಯ ಚಿನ್ನದ ಅಂಕಿಗಳು, 1ರಿಂದ 24. ಈ ಬಳೆ ನಿಂತಲ್ಲಿ ನಿಲ್ಲುವುದಿಲ್ಲ, ವರ್ಷವಿಡೀ ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ. ಏಕೆಂದರೆ ಹಳೇ ಬೊಹೀಮಿಯದ ದಿನ ಸೂರ್ಯಾಸ್ತಕ್ಕೆ ಶುರು. ಮುಳುಗುವ ಹೊತ್ತಿಗೆ ಸರಿಯಾಗಿ 24 ಬರಬೇಕಾದರೆ ಬಳೆಯೇ ಸೂರ್ಯಾಸ್ತವನ್ನು ಹಿಂಬಾಲಿಸಬೇಕು. ನಮ್ಮ ಪಂಚಾಂಗದ ದಿನ ಸೂರ್ಯೋದಯಕ್ಕೆ, ಅವರದ್ದು ಸೂರ್ಯಾಸ್ತಕ್ಕೆ ಅಂದರೆ ಸಾಕು, ಅರ್ಥವಾಗುತ್ತದೆ.

ಆಮೇಲೆ ಒಳಗಿನ ರೋಮನ್ ಅಂಕಿಗಳು, 12ರಂತೆ ಎರಡು ಸಲ. ಇದು ನಾವು ಬಳಸುವ ಗಂಟೆ. ಚಿನ್ನದ ಕೈಯ ಬೆರಳು ಈ ಎರಡೂ ಲೆಕ್ಕಗಳನ್ನು ಒಟ್ಟಿಗೆ ತೋರಿಸುತ್ತದೆ.

ಮೂರನೆಯದು, ನೀಲಿ ಭಾಗದ ಮೇಲೆ ಬಿಲ್ಲಿನಂತೆ ಬಾಗಿದ ಚಿನ್ನದ ಗೆರೆಗಳು. ಹಗಲು ಎಷ್ಟೇ ಉದ್ದ ಇರಲಿ, ಅದನ್ನು 12 ಸಮಪಾಲು ಮಾಡಿದ ಗಂಟೆಗಳಿವು. ಬೇಸಿಗೆಯಲ್ಲಿ ಒಂದೊಂದು ಪಾಲೂ ಹಿಗ್ಗುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಹಗಲನ್ನು ಎಂಟು ಪಾಲು ಮಾಡಿ ರಾಹುಕಾಲ ಲೆಕ್ಕ ಹಾಕುವ ಕ್ರಮ ಗೊತ್ತಿದ್ದವರಿಗೆ ಇದು ಹೊಸದೇನಲ್ಲ, ಎಂಟರ ಬದಲು ಹನ್ನೆರಡು ಅಷ್ಟೆ. ಗೆರೆಗಳನ್ನು ಓದುವುದು ಕೈಬೆರಳಿಂದಲ್ಲ, ಚಿನ್ನದ ಸೂರ್ಯಬಿಂಬ ಎಲ್ಲಿದೆ ಎಂಬುದರಿಂದ. ಇಲ್ಲಿ ತಪ್ಪುವವರು ಬಹಳ.

ನಾಲ್ಕನೆಯದು ರಾಶಿಚಕ್ರದ ಬಳೆ, ಕೇಂದ್ರ ಬಿಟ್ಟು ಪಕ್ಕಕ್ಕೆ ಸರಿದು ತಿರುಗುತ್ತದೆ. ಸೂರ್ಯಬಿಂಬ ಅದರ ಯಾವ ಮನೆಯ ಮೇಲಿದೆಯೋ ಅದು ಆ ದಿನದ ರಾಶಿ. ಆದರೆ ಇದು ಸಾಯನ ಲೆಕ್ಕ, ನಮ್ಮ ಪಂಚಾಂಗದ ನಿರಯಣ ರಾಶಿಗೆ ಹೊಂದುವುದಿಲ್ಲ, ಸುಮಾರು 24 ಡಿಗ್ರಿ ವ್ಯತ್ಯಾಸ. ಮೊದಲೇ ಹೇಳದಿದ್ದರೆ "ಗಡಿಯಾರ ತಪ್ಪು ತೋರಿಸ್ತಿದೆ" ಎಂದು ಯಾರೋ ಎದ್ದು ನಿಲ್ಲುತ್ತಾರೆ.

ಯಂತ್ರದ ಒಳಗುಟ್ಟು ಇದಕ್ಕಿಂತ ಚೆಂದ. ಒಂದೇ ಅಚ್ಚಿನ ಮೇಲೆ ಮೂರು ದೊಡ್ಡ ಹಲ್ಲುಚಕ್ರ: 365, 366 ಮತ್ತು 379 ಹಲ್ಲುಗಳು. ಮೂರನ್ನೂ ತಿರುಗಿಸುವ ಸಣ್ಣ ಚಕ್ರಗಳಿಗೆ 24 ಹಲ್ಲು. 365ರದ್ದು ರಾಶಿಚಕ್ರವನ್ನು 23 ಗಂಟೆ 56 ನಿಮಿಷ 4 ಸೆಕೆಂಡಿಗೆ ಒಂದು ಸುತ್ತು ಹಾಕಿಸುತ್ತದೆ, ಅಂದರೆ ನಾಕ್ಷತ್ರ ದಿನ. 366ರದ್ದು ಸೂರ್ಯನನ್ನು, ಒಂದು ಹಲ್ಲು ಹೆಚ್ಚಿರುವುದರಿಂದ 24 ಗಂಟೆಗೆ ಒಂದು ಸುತ್ತು. ವರ್ಷದಲ್ಲಿ ಆಕಾಶ ಸೂರ್ಯನಿಗಿಂತ ಒಂದು ಸುತ್ತು ಜಾಸ್ತಿ ತಿರುಗುತ್ತದೆ ಎಂಬ ಸಂಗತಿಯನ್ನು ಒಂದೇ ಒಂದು ಹಲ್ಲಿನಲ್ಲಿ ಕಟ್ಟಿಹಾಕಿದ್ದಾರೆ. 379ರದ್ದು ಚಂದ್ರನಿಗೆ. ಗುಣಿಸಿ ನೋಡಿದರೆ ಸುತ್ತಿಗೆ 24 ಗಂಟೆ 51 ನಿಮಿಷ ಚಿಲ್ಲರೆ. ಆಕಾಶದ ಚಂದ್ರನಿಗೆ ಸರಾಸರಿ 24 ಗಂಟೆ 50 ನಿಮಿಷ 28 ಸೆಕೆಂಡು. ದಿನಕ್ಕೆ 41 ಸೆಕೆಂಡಿನ ಈ ಸಾಲ ತಿಂಗಳಿಗೆ 20 ನಿಮಿಷ ದಾಟುತ್ತದೆ, ಕೈಯಿಂದ ಸರಿಪಡಿಸದೆ ವಿಧಿಯಿಲ್ಲ. ಚಂದ್ರನ ಗುಂಡು ಅರ್ಧ ಬೆಳ್ಳಿ ಅರ್ಧ ಕಪ್ಪು. ಅದರ ಒಳಗೆ ತೂಗುವ ಒಂದು ಭಾರವಿದೆ, ಕೈ ಸುತ್ತಿದಂತೆಲ್ಲ ಅದು ಗುಂಡನ್ನು ತುಸುತುಸುವೇ ಹೊರಳಿಸಿ ಶುಕ್ಲ ಕೃಷ್ಣ ಪಕ್ಷ ತೋರಿಸುತ್ತದೆ.

ಸಭೆಗೆ ರಟ್ಟಿನ ಮಾದರಿ ಮಾಡುವುದಾದರೆ ಮೂರು ಪದರ ಸಾಕು: ಕೆಳಗೆ ಅಲುಗದ ಫಲಕ, ಮೇಲೆ ತಿರುಗುವ ರಾಶಿಬಳೆ, ಅದರ ಮೇಲೆ ಸೂರ್ಯ ಜಾರುವ ಕೈ. ಸೂರ್ಯನನ್ನು ಕೈಗೆ ಅಂಟಿಸಿಬಿಟ್ಟರೆ ಮಾದರಿ ಸುಳ್ಳಾಗುತ್ತದೆ, ಅದು ಕೈಯುದ್ದಕ್ಕೂ ಜಾರುತ್ತಾ ರಾಶಿಬಳೆಯ ಮೇಲೇ ಇರಬೇಕು. ಈ ಗಡಿಯಾರದಲ್ಲಿ ಕರ್ಕಾಟಕ ವೃತ್ತ ಹೊರಗೆ, ಮಕರ ವೃತ್ತ ಒಳಗೆ ಇದೆ, ಅಂದರೆ ಸೂರ್ಯ ಬೇಸಿಗೆಗೆ ಅಂಚಿನತ್ತ, ಚಳಿಗಾಲಕ್ಕೆ ಕೇಂದ್ರದತ್ತ, ಆದರೂ ಊಹಿಸಿ ಗುರುತು ಹಾಕಬೇಡಿ. ಫಲಕದ ಚಿತ್ರವನ್ನು ಎದುರಿಗಿಟ್ಟುಕೊಂಡೇ ಗೆರೆ ಎಳೆಯಿರಿ.

ನೀಲಿಸೆರಗು

ಮೂರನೇ ದಿನಕ್ಕೆ ನನ್ನ ಸಲಹೆ: ಹತ್ತು ಕಲೆಗಳ ಹೆಸರು ಓದುವ ಬದಲು ಒಂದನ್ನು ಕಣ್ಣೆದುರು ಮಾಡಿ ತೋರಿಸಿ. ನೀಲಿ ಅಚ್ಚುಬಟ್ಟೆ. ಜೆಕ್ ಭಾಷೆಯಲ್ಲಿ ಮೊದ್ರೊತಿಸ್ಕ್, ಸ್ಲೊವಾಕ್‌ನಲ್ಲಿ ಮೊದ್ರೊತ್ಲಾಚ್. ಯುನೆಸ್ಕೊ ಪಟ್ಟಿಗೆ 2018ರಲ್ಲಿ ಸೇರಿತು, ಆಸ್ಟ್ರಿಯ, ಜರ್ಮನಿ, ಹಂಗೇರಿ, ಜೆಕ್, ಸ್ಲೊವಾಕಿಯ ಐದೂ ದೇಶಗಳ ಹೆಸರಲ್ಲಿ. ಮೊರಾವಿಯದ ಒಲೆಶ್ನಿತ್ಸೆ, ಸ್ತ್ರಾಝ್ನಿತ್ಸೆ ಊರುಗಳಲ್ಲಿ ಇಂದಿಗೂ ಕಾರ್ಯಾಗಾರಗಳಿವೆ. ಯೂರೋಪಿಗೆ ಈ ಇಂಡಿಗೊ ನೀಲಿ ಹೋದದ್ದೇ ಭಾರತದಿಂದ, ಅವರು ಬಳಸುವ ಬಣ್ಣದ ಹೆಸರಿನಲ್ಲೇ "ಇಂಡಿಯ" ಇದೆ. ಈ ಸಂಬಂಧವನ್ನು ಎಳೆದು ತರಬೇಕಿಲ್ಲ, ತಾನಾಗಿ ಇದೆ.

ನೆನಪಿಡಬೇಕಾದ್ದು, ಅಚ್ಚಿನಲ್ಲಿ ಒತ್ತುವುದು ಬಣ್ಣವಲ್ಲ, ಬಣ್ಣ ತಡೆಯುವ ಲೇಪ. ಅದಕ್ಕೆ ಪಾಪ್ ಎನ್ನುತ್ತಾರೆ. ಬಿಳಿ ಜೇಡಿ, ಗೋಂದು, ಮೈಲುತುತ್ತ, ಹಳೆಯ ಕ್ರಮದಲ್ಲಿ ಸೀಸದ ಲವಣವೂ ಸೇರುತ್ತದೆ. ಪ್ರತಿ ಮನೆಗೂ ತನ್ನದೇ ಅಳತೆ, ಅದು ಗುಟ್ಟು. ಜೇಡಿಯ ಕೆಲಸ ನೀರು ಒಳಹೋಗದಂತೆ ಅಡ್ಡ ನಿಲ್ಲುವುದು, ಗೋಂದಿನದು ಹಿಡಿದಿಡುವುದು. ಮೈಲುತುತ್ತದ ಕೆಲಸ ಜಾಣತನದ್ದು: ಲೇಪದೊಳಗೆ ನುಸುಳಿದ ಕರಗಿದ ನೀಲಿಯನ್ನು ಅದು ಅಲ್ಲಿಯೇ ಗಟ್ಟಿ ಮಾಡಿಬಿಡುತ್ತದೆ, ನೂಲಿಗೆ ತಲುಪಲು ಬಿಡುವುದಿಲ್ಲ. ಅಚ್ಚು ಪೇರ್ ಮರದ್ದು, ಸಣ್ಣ ಚುಕ್ಕಿಗಳಿಗೆ ಹಿತ್ತಾಳೆಯ ಮೊಳೆ, ಪಟ್ಟಿ ಬಡಿದಿರುತ್ತಾರೆ.

ಲೇಪ ಪೂರ್ತಿ ಒಣಗಿದ ಮೇಲೆ ಬಟ್ಟೆಯನ್ನು ಕೊಕ್ಕೆಗಳಿರುವ ಕಬ್ಬಿಣದ ಚೌಕಟ್ಟಿಗೆ ಸುರುಳಿಯಾಗಿ ಸಿಕ್ಕಿಸುತ್ತಾರೆ, ಮಡಿಕೆಗೆ ಮಡಿಕೆ ತಾಗಕೂಡದು. ನೆಲದಲ್ಲಿ ಹೂತ ಆಳದ ತೊಟ್ಟಿಗೆ ಇಳಿಸಿ ಹತ್ತು ಹದಿನೈದು ನಿಮಿಷ ಬಿಟ್ಟು ಮೇಲೆತ್ತುತ್ತಾರೆ. ತೊಟ್ಟಿಯಿಂದ ಎದ್ದ ಬಟ್ಟೆ ನೀಲಿ ಇರುವುದಿಲ್ಲ, ಎಳೆ ಬಾಳೆಎಲೆಯ ಹಳದಿಹಸಿರು. ಗಾಳಿ ತಗಲಿದ ಹಾಗೆ ಅಂಚಿನಿಂದ ಕಪ್ಪಾಗುತ್ತಾ, ಎರಡು ಮೂರು ನಿಮಿಷದಲ್ಲಿ ಪೂರ್ತಿ ನೀಲಿ. ಇದನ್ನೇ ಹಲವು ಸಲ ಮಾಡಿದರೆ ಗಾಢ ಬಣ್ಣ. ಕೊನೆಗೆ ನೀರು ಬೆರೆಸಿದ ಗಂಧಕಾಮ್ಲದಲ್ಲಿ ಅದ್ದಿ ಲೇಪ ಕಳೆಯುತ್ತಾರೆ, ಬಿಳಿ ಹೂವು ಎದ್ದು ಬರುತ್ತದೆ. ಗಂಜಿ ಹಾಕಿ, ಉರುಳೆಯಲ್ಲಿ ಒತ್ತಿ ಹೊಳಪು ಕೊಡುವುದು ಕೊನೆಯ ಹಂತ.

ಸಭಾಂಗಣದಲ್ಲಿ ಗಂಧಕಾಮ್ಲ, ಮೈಲುತುತ್ತ, ಸೀಸ ಯಾವುದೂ ಬೇಡ. 5 ಲೀಟರಿನ ಬಕೆಟ್ಟು ಸಾಕು. ನೀಲಿ ಪುಡಿ 1 ಪಾಲು, ಅರಳಿಸಿದ ಸುಣ್ಣ 2 ಪಾಲು, ಹಣ್ಣಿನ ಸಕ್ಕರೆ (ಫ್ರಕ್ಟೋಸ್) 3 ಪಾಲು, ತೂಕದಲ್ಲಿ. ನೀಲಿ 20 ಗ್ರಾಂ ಹಿಡಿದರೆ ಸಾಕು. ನೀಲಿಯನ್ನು ಮೊದಲು ಬಿಸಿನೀರಲ್ಲಿ ಚೆನ್ನಾಗಿ ತೇಯ್ದು, ಗಂಟಿಲ್ಲದೆ ಬಿಸಿನೀರಿನ ಬಕೆಟ್ಟಿಗೆ ಸೇರಿಸಿ, ಆಮೇಲೆ ಸಕ್ಕರೆ, ಕೊನೆಗೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ. ಹಣ್ಣಿನ ಸಕ್ಕರೆ ಸಿಗದಿದ್ದರೆ ಬೆಲ್ಲವೂ ಆದೀತು, ಹೊತ್ತು ಹೆಚ್ಚು ಹಿಡಿಯುತ್ತದೆ. ಹಿಂದಿನ ದಿನವೇ ಕಟ್ಟಿಡಿ. ಮೇಲೆ ತಾಮ್ರದ ಹೊಳಪಿನ ಕೆನೆ, ನೀಲಿ ನೊರೆ, ಕೆಳಗೆ ತಿಳಿಯಾದ ಹಳದಿ ನೀರು ಕಂಡರೆ ತಯಾರು. ನೀರೂ ನೀಲಿಯಾಗೇ ಇದ್ದರೆ ಬಟ್ಟೆ ಅದ್ದಬೇಡಿ, ಬಣ್ಣ ಮೇಲೆ ಕೂತು ಒಗೆದ ಕೂಡಲೇ ಹೋಗುತ್ತದೆ. ಇನ್ನಷ್ಟು ಸಕ್ಕರೆ ಹಾಕಿ, ಬಿಸಿ ಮಾಡಿ ಕಾಯಬೇಕು. ಬಡಬಡ ಕಲಕಿದರೆ ಗಾಳಿ ಸೇರಿ ಕೆಡುತ್ತದೆ.

ತಡೆಲೇಪಕ್ಕೆ ಜೇಡಿ ಮತ್ತು ಗೋಂದು ಮಾತ್ರ, ಇಡ್ಲಿಹಿಟ್ಟಿನ ಹದ. ನೀರಾದರೆ ಗೆರೆ ಹರಡುತ್ತದೆ, ಗಟ್ಟಿಯಾದರೆ ಒಣಗಿ ಬಿರುಕು ಬಿಟ್ಟು ಒಳಗೆಲ್ಲ ನೀಲಿ ನರ ಮೂಡುತ್ತದೆ. ಮೈಲುತುತ್ತ ಇಲ್ಲದ ಲೇಪ ಬಹಳ ಹೊತ್ತು ತಡೆಯದು, ಆದ್ದರಿಂದ ಒಂದು ನಿಮಿಷದ ಎರಡು ಮೂರು ಅದ್ದು ಸಾಕು. ಬಟ್ಟೆ ಮೊದಲೇ ಕುದಿಸಿ ಅಂಗಡಿಯ ಗಂಜಿ ತೆಗೆದ ಹತ್ತಿಯದಾಗಿರಲಿ. ಸುಣ್ಣ ಕೈ ಸುಡುತ್ತದೆ, ಕೈಗವಸು, ಕನ್ನಡಕ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ.

ಅಟ್ಟದಮೆಟ್ಟಿಲು

ಮೂರನೇ ದಿನಕ್ಕೆ ಸ್ಲೊವಾಕ್ ಪಾಲು ಮರದ ಚರ್ಚುಗಳಿರಲಿ. ಕಾರ್ಪೇಥಿಯನ್ ಸೀಮೆಯ ಎಂಟು ಚರ್ಚುಗಳನ್ನು ಯುನೆಸ್ಕೊ 2008ರಲ್ಲಿ ಗುರುತಿಸಿತು. ಎಂಟರದ್ದೂ ಒಂದೇ ಕಥೆಯಲ್ಲ, ಇಲ್ಲಿ ಗೊಂದಲವಾಗುತ್ತದೆ. ಹೆರ್ವಾರ್ತೊವ್ ಮತ್ತು ತ್ವ್ರ್‌ದೊಶೀನ್ ಕ್ಯಾಥೊಲಿಕರವು. ಬೊದ್ರುಝಲ್, ಲಾದೊಮಿರೊವಾ, ರುಸ್ಕಾ ಬಿಸ್ತ್ರಾ ಮೂರೂ ಪೂರ್ವದ ಗ್ರೀಕ್ ಕ್ಯಾಥೊಲಿಕ್ ಪರಂಪರೆಯವು, ಒಳಗೆ ಬಣ್ಣದ ದೇವಚಿತ್ರಗಳ ಅಡ್ಡಗೋಡೆ ಇರುತ್ತದೆ. ಕೆಝ್ಮರೊಕ್, ಲೆಷ್ಟಿನಿ, ಹ್ರೊನ್ಸೆಕ್ ಮೂರು ಪ್ರಾಟೆಸ್ಟಂಟರವು.

ಹೇಳಲು ಹೆಚ್ಚಿನದಿರುವುದು ಕೊನೆಯ ಮೂರರ ಬಗ್ಗೆ. 1681ರ ಶೊಪ್ರೊನ್ ಸಭೆಯ ವಿಧಿಗಳ ಪ್ರಕಾರ ಪ್ರಾಟೆಸ್ಟಂಟರಿಗೆ ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ಚರ್ಚು ಕಟ್ಟಲು ಅನುಮತಿ ಸಿಕ್ಕಿತು. ಊರ ಗೋಡೆಯ ಹೊರಗೆ, ಮರದಿಂದ, ಗೋಪುರವಿಲ್ಲದೆ ಕಟ್ಟಿದರು. ಹೊರಗಿನಿಂದ ನೋಡಿದರೆ ದೊಡ್ಡ ಕಣಜದ ಹಾಗಿರುವ ಕೆಝ್ಮರೊಕ್ ಚರ್ಚು 1717ರದ್ದು, ಒಳಗೆ ಸುಮಾರು 1,500 ಜನ ಕೂರಬಹುದು. ಹ್ರೊನ್ಸೆಕ್ 1726ರಲ್ಲಿ ಮುಗಿಯಿತು, ಶಿಲುಬೆಯಾಕಾರದ ನೆಲಗಟ್ಟು, ಆಸನಗಳು ಸುತ್ತ ಮೆಟ್ಟಿಲುಮೆಟ್ಟಿಲಾಗಿ ಏರುತ್ತವೆ. ಹೊರಗಿನ ಒಂದು ಚಿತ್ರ ತೋರಿಸಿ ಎರಡು ಮೂರು ಸೆಕೆಂಡು ಸುಮ್ಮನಿದ್ದು ಆಮೇಲೆ ಒಳಗಿನ ಚಿತ್ರ ತೋರಿಸಿ. ಮಾತು ಬೇಕಾಗುವುದಿಲ್ಲ.

ಸಂಗೀತಕ್ಕೆ ಫುಯಾರಾ. ಪೊಲಾನಾ ಬೆಟ್ಟದ ಸುತ್ತಿನ ಕುರುಬರ ಕೊಳಲು, ಆಳೆತ್ತರದ್ದು, ಎಲ್ಡರ್ ಮರದ್ದು, ಬೆರಳಿಗೆ ತೂತು ಮೂರೇ. ಮೂರೇ ತೂತಿನಲ್ಲಿ ಅಷ್ಟು ಸ್ವರ ಹೇಗೆ ಅಂದರೆ, ಊದುವ ಒತ್ತಡ ಹೆಚ್ಚಿದಂತೆ ನಾದ ಮೇಲಿನ ಮೇಲಿನ ಉಪಸ್ವರಗಳಿಗೆ ಜಿಗಿಯುತ್ತದೆ. ಧ್ವನಿ ಕೇಳಿಸುವಾಗ ಲ್ಯಾಪ್‌ಟಾಪಿನ ಸ್ಪೀಕರ್ ನಂಬಬೇಡಿ, ಕೆಳಗಿನ ಗುಂಯ್ ಅನ್ನುವ ನಾದ ಅದರಲ್ಲಿ ಸತ್ತೇ ಹೋಗುತ್ತದೆ.

ಕರಿಹಲಗೆ

ಸ್ಲೈಡಿನ ಬಗ್ಗೆ ಚಿಕ್ಕದಾಗಿ. ಹಲವು ಕನ್ನಡ ಫಾಂಟುಗಳಲ್ಲಿ ಕೊಕ್ಕೆಯ ಲ್ಯಾಟಿನ್ ಅಕ್ಷರಗಳಿಲ್ಲ, ಮೂಲ ಹೆಸರು ಹಾಕಿದರೆ ಡಬ್ಬಿ ಕಾಣಬಹುದು. ಕನ್ನಡಕ್ಕೊಂದು, ಮೂಲ ಹೆಸರಿಗೊಂದು ಎಂದು ನೋಟೊ ಕುಟುಂಬದ ಎರಡು ಫಾಂಟ್ ಗೊತ್ತುಮಾಡಿ, ಕಡತವನ್ನು ಪಿಡಿಎಫ್ ಮಾಡಿಯೇ ಒಯ್ಯಿರಿ. ತಿಂಗಳ ಹೆಸರೂ ಗಮನಿಸಿ: ಜೆಕ್ ಭಾಷೆ ಲ್ಯಾಟಿನ್ ಹೆಸರು ಬಳಸುವುದಿಲ್ಲ. ನವೆಂಬರಿಗೆ "ಲಿಸ್ತೊಪಾದ್", ಎಲೆ ಉದುರುವ ತಿಂಗಳು. ಆಗಸ್ಟಿಗೆ "ಸ್ರ್‌ಪೆನ್", ಕುಡುಗೋಲಿನ ತಿಂಗಳು. ಸ್ಲೊವಾಕರು ಲ್ಯಾಟಿನ್ ಹೆಸರುಗಳನ್ನೇ ಇಟ್ಟುಕೊಂಡಿದ್ದಾರೆ. 1989ರ ಕ್ರಾಂತಿಯ ಭಿತ್ತಿಪತ್ರ ತೋರಿಸಿದರೆ ಅದು ಜೆಕ್ಕಿನದೋ ಸ್ಲೊವಾಕಿನದೋ ಎಂದು ತಿಂಗಳ ಹೆಸರಿಂದಲೇ ಹೇಳಬಹುದು.

ತುಂಗಾತೀರ

ಎರಡನೇ ಮತ್ತು ನಾಲ್ಕನೇ ದಿನಕ್ಕೆ ಖಂಡಿತ ಬರುವ ಪ್ರಶ್ನೆಗಳು, ಉತ್ತರ ಸಿದ್ಧವಿರಲಿ.

"1918ರ ಸ್ಥಾಪನೆ ಯಾವ ದಿನ?" ಪ್ರಾಗಿನಲ್ಲಿ ಅಕ್ಟೋಬರ್ 28. ಸ್ಲೊವಾಕ್ ಪ್ರತಿನಿಧಿಗಳು ಮಾರ್ಟಿನ್ ಊರಿನಲ್ಲಿ ಒಪ್ಪಿಗೆಯ ಘೋಷಣೆ ಹೊರಡಿಸಿದ್ದು ಅಕ್ಟೋಬರ್ 30. ಎರಡನ್ನೂ ಹೇಳಿ. ಮೊದಲ ಅಧ್ಯಕ್ಷ ಮಸಾರಿಕ್ ಬಗ್ಗೆ ಹತ್ತು ನಿಮಿಷ ಮಾತಾಡಿದರೆ ಶ್ಟೆಫಾನಿಕ್ ಬಗ್ಗೆ ಮೂರಾದರೂ ಇರಲಿ: ಖಗೋಳಜ್ಞ, ಫ್ರೆಂಚ್ ಸೇನೆಯ ಜನರಲ್, 1919ರ ಮೇ 4ರಂದು ಬ್ರಾತಿಸ್ಲಾವಾದ ಬಳಿ ವಿಮಾನ ಬಿದ್ದು ತೀರಿಕೊಂಡರು.

"ಎರಡನೇ ಯುದ್ಧದಲ್ಲಿ?" 1939ರ ಮಾರ್ಚ್ 14ಕ್ಕೆ ಪ್ರತ್ಯೇಕ ಸ್ಲೊವಾಕ್ ರಾಜ್ಯ, ನಾಜಿಗಳ ನೆರಳಲ್ಲಿ, 15ಕ್ಕೆ ಜರ್ಮನ್ ಸೇನೆ ಪ್ರಾಗಿನಲ್ಲಿ. ಆ ರಾಜ್ಯವೇ ತನ್ನ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಕಳಿಸಿತು. ಇದನ್ನು ತೇಲಿಸಬೇಡಿ. ಹಾಗೆಯೇ 1944ರ ಆಗಸ್ಟ್ 29ಕ್ಕೆ ಬಾನ್ಸ್ಕಾ ಬಿಸ್ತ್ರಿತ್ಸಾದಲ್ಲಿ ಶುರುವಾದ ಸ್ಲೊವಾಕ್ ದಂಗೆಯನ್ನೂ ಬಿಡಬೇಡಿ. 1942ರ ಮೇ 27ರಂದು ಪ್ರಾಗಿನಲ್ಲಿ ನಾಜಿ ಆಡಳಿತದ ಮುಖ್ಯಸ್ಥ ಹೈಡ್ರಿಖ್ ಮೇಲೆ ದಾಳಿ ಮಾಡಿದವರಲ್ಲಿ ಗಾಬ್ಚೀಕ್ ಸ್ಲೊವಾಕ್, ಕುಬಿಶ್ ಮೊರಾವಿಯದವರು. ಪ್ರಾಗಿನ ಪಿಂಕಾಸ್ ಸಿನಗಾಗ್ ಗೋಡೆಯ ತುಂಬ ಬೊಹೀಮಿಯ, ಮೊರಾವಿಯದ ಸುಮಾರು 78,000 ಯಹೂದಿಗಳ ಹೆಸರುಗಳಿವೆ. ಈ ಸ್ಲೈಡಿಗೆ ಹಿನ್ನೆಲೆ ಸಂಗೀತ ಹಾಕಬೇಡಿ.

"ಜರ್ಮನರು ಎಲ್ಲಿ ಹೋದರು?" ಯುದ್ಧಕ್ಕೆ ಮೊದಲು ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಜರ್ಮನ್ ಭಾಷಿಕರಿದ್ದರು, ಯುದ್ಧದ ನಂತರ ಬಹುತೇಕ ಎಲ್ಲರನ್ನೂ ಹೊರಹಾಕಲಾಯಿತು. ಇದನ್ನು ಹೇಳದೆ ಜರ್ಮನ್‌ನಲ್ಲಿ ಬರೆದ ಕಾಫ್ಕಾ, ಮೆಂಡೆಲ್ ಯಾರೂ ಅರ್ಥವಾಗುವುದಿಲ್ಲ. ಸಾರ್ವಜನಿಕ ಉಪನ್ಯಾಸದ ಮಾತು ಬಂದದ್ದರಿಂದ: ಬಟಾಣಿ ಗಿಡಗಳ ಪ್ರಯೋಗವನ್ನು ಮೆಂಡೆಲ್ ಮೊದಲು ಹೇಳಿದ್ದು ಬ್ರ್‌ನೊದ ನಿಸರ್ಗವಿಜ್ಞಾನ ಸಂಘದ ಎರಡು ಸಂಜೆಯ ಉಪನ್ಯಾಸಗಳಲ್ಲಿ, 1865ರ ಫೆಬ್ರವರಿ 8 ಮತ್ತು ಮಾರ್ಚ್ 8ರಂದು, ಜರ್ಮನ್ ಭಾಷೆಯಲ್ಲಿ.

"ಜನರೇ ಮತ ಹಾಕಿ ಬೇರೆಯಾದರಾ?" ಇಲ್ಲ. ಜನಮತಗಣನೆ ನಡೆಯಲೇ ಇಲ್ಲ. ಜೆಕ್ ಪ್ರಧಾನಿ ಕ್ಲೌಸ್ ಮತ್ತು ಸ್ಲೊವಾಕ್ ಪ್ರಧಾನಿ ಮೆಚಿಯಾರ್ 1992ರ ಆಗಸ್ಟಿನಲ್ಲಿ ಬ್ರ್‌ನೊದ ತುಗೆಂದ್‌ಹಾತ್ ಮನೆಯಲ್ಲಿ ಕೂತು ದಿನಾಂಕ ಗೊತ್ತುಮಾಡಿದರು. ಅದಕ್ಕೂ ಮೊದಲು, 1990ರಲ್ಲಿ, ದೇಶದ ಹೆಸರಿನ ನಡುವೆ ಅಡ್ಡಗೆರೆ ಇರಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ವಾದ ನಡೆಯಿತು. ಒಂದು ಗೆರೆಗೆ ಅಷ್ಟು ಗಲಾಟೆಯೇ ಎಂದು ಸಭೆ ನಗಬಹುದು. ಆ ಗೆರೆ ಸ್ಲೊವಾಕರಿಗೆ ತಮ್ಮ ಹೆಸರು ಕಣ್ಣಿಗೆ ಕಾಣುತ್ತದೋ ಇಲ್ಲವೋ ಎಂಬ ಪ್ರಶ್ನೆಯಾಗಿತ್ತು, ಅದನ್ನು ವಿವರಿಸಿ.

ಬೆಳ್ಳಕ್ಕಿ

ಭಾರತದ ಸಂಬಂಧಕ್ಕೆ ಒಂದು ಸ್ಲೈಡ್ ಇರಲೋ ಬೇಡವೋ? ಆಸ್ತಿ ಹಂಚಿಕೆಯ ಬಗ್ಗೆಯೂ ತೋರಿಸಲು ಏನಾದರೂ ವಸ್ತು ಇದ್ದರೆ ಹೇಳಿ.

ಕಾಜಾಣ

ಒಂದು ಸ್ಲೈಡ್ ಸಾಕು. ಟಾಗೋರರು 1921 ಮತ್ತು 1926ರಲ್ಲಿ ಪ್ರಾಗಿಗೆ ಹೋಗಿದ್ದರು. ಮೊದಲ ಸಲ ಅವರ ಮಾತು ಕೇಳಿದ ಯಾನಾಚೆಕ್ ಮರುವರ್ಷ ಅವರ ಕವಿತೆಯೊಂದಕ್ಕೆ ಗಂಡಸರ ವೃಂದಗಾನ ಕಟ್ಟಿದರು. ಭಾರತೀಯ ಭಾಷೆಗಳ ಜೆಕ್ ವಿದ್ವಾಂಸ ಲೆಸ್ನೀ ಬಂಗಾಳಿಯಿಂದ ನೇರವಾಗಿ ಜೆಕ್ಕಿಗೆ ಅನುವಾದಿಸಿದರು. ನಮ್ಮ ಭಾಷಾಕುಟುಂಬಕ್ಕೆ ಹತ್ತಿರದವರು ಕಮಿಲ್ ಜ್ವೆಲೆಬಿಲ್, ತಮಿಳು ಮತ್ತು ದ್ರಾವಿಡ ಭಾಷೆಗಳ ವಿದ್ವಾಂಸರು, ನೀಲಗಿರಿಯ ಇರುಳರ ಭಾಷೆಯ ಮೇಲೆ ಕೆಲಸ ಮಾಡಿದವರು. ಕೋಲ್ಕತ್ತದ ಬಳಿಯ ಬಾಟಾನಗರದ ಬಾಟಾ ಕೂಡ ಮೊರಾವಿಯದ ಜ್ಲೀನ್ ಊರಿನವರು. ರೋಮಾ ಜನರನ್ನು ಈ ಸ್ಲೈಡಿಗೆ ತುರುಕಬೇಡಿ. ಅವರ ಭಾಷೆಯ ಬೇರು ಭಾರತದ್ದು ನಿಜ, ನೀರಿಗೆ "ಪಾನಿ" ಎನ್ನುತ್ತಾರೆ. ಆದರೆ ಅವರು ಶತಮಾನಗಳಿಂದ ಅಲ್ಲಿನವರು, ಬ್ರ್‌ನೊದಲ್ಲಿ ಅವರ ಸಂಸ್ಕೃತಿಯ ವಸ್ತುಸಂಗ್ರಹಾಲಯವೇ ಇದೆ. ಅವರಿಗೆ ಮೂರನೇ ದಿನದಲ್ಲಿ ಸ್ವಂತ ಜಾಗ ಕೊಡಿ.

ತುಂಗಾತೀರ

ಆಸ್ತಿ ಹಂಚಿದ್ದು ಜನಸಂಖ್ಯೆಯ ಲೆಕ್ಕದಲ್ಲಿ, ಜೆಕ್ 2, ಸ್ಲೊವಾಕ್ 1. ರಾಷ್ಟ್ರಗೀತೆ ಮೊದಲೇ ಎರಡು ಹಾಡುಗಳ ಜೋಡಣೆ, ಹಾಗಾಗಿ ನಡುವೆ ಬಿಚ್ಚಿದರೆ ಇಬ್ಬರಿಗೂ ಒಂದೊಂದು. ಬಾವುಟ ಮಾತ್ರ ಇಕ್ಕಟ್ಟಾಯಿತು: ಒಕ್ಕೂಟದ ಲಾಂಛನಗಳನ್ನು ಇಬ್ಬರೂ ಬಳಸಬಾರದೆಂದು ಕಾನೂನಿದ್ದರೂ ಜೆಕ್ ಗಣರಾಜ್ಯ ಹಳೆಯ ಬಾವುಟವನ್ನೇ ಇಟ್ಟುಕೊಂಡಿತು.

ತೋರಿಸಲು ವಸ್ತು ಬೇಕಿದ್ದರೆ ನೋಟು. ಜನವರಿ 1ಕ್ಕೆ ದೇಶ ಎರಡಾದರೂ ಹಣ ಐದು ವಾರ ಒಂದೇ ಇತ್ತು. 1993ರ ಫೆಬ್ರವರಿ 8ಕ್ಕೆ ಅದೂ ಬೇರೆಯಾಯಿತು. ಹೊಸ ನೋಟು ಅಚ್ಚಾಗುವ ತನಕ ಹಳೆಯ ಚೆಕೊಸ್ಲೊವಾಕ್ ನೋಟುಗಳ ಮೇಲೇ ಅಂಚೆಚೀಟಿಯಂಥ ಸಣ್ಣ ಚೀಟಿ ಅಂಟಿಸಿ ಚಲಾವಣೆ ಮಾಡಿದರು, ಅವರದು ಅವರಿಗೆ, ಇವರದು ಇವರಿಗೆ. ನಾಣ್ಯ ಸಂಗ್ರಹಕಾರರ ಬಳಿ ಇವು ಸಿಗುತ್ತವೆ. ಎರಡೂ ದೇಶದ ಚೀಟಿ ಇರುವ 100 ಕ್ರೌನಿನ ಒಂದೊಂದು ನೋಟು ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಸಾಲಿನುದ್ದಕ್ಕೂ ಕೈದಾಟಿಸಿ. ಚೀಟಿ ಅಂಟಿಸಿರುವುದು ಮೂಲೆಯಲ್ಲಿ, ಬೆಳಕಿಗೆ ಓರೆಯಾಗಿ ಹಿಡಿದರೆ ಅದರ ಅಂಚು ಉಬ್ಬಿರುವುದು ಕಾಣುತ್ತದೆ. ಖರೀದಿಸುವಾಗಲೂ ಅದನ್ನೇ ನೋಡಿ, ಚೀಟಿ ಅಂಟಿಸಿದ್ದೋ ಆಮೇಲೆ ನೇರವಾಗಿ ನೋಟಿನ ಮೇಲೇ ಅಚ್ಚು ಹಾಕಿದ್ದೋ ಎಂದು. ಎರಡೂ ಬಗೆ ಬಂದಿವೆ, ಸಭೆಗೆ ಅಂಟಿಸಿದ್ದೇ ಬೇಕು.